ಜೋರಾಗಿ ಊದಲು ಆಗದವರ ಉಸಿರಿಗೂ ಅಳತೆ ಇದೆ

ಶ್ವಾಸಕೋಶದ ಕಾಯಿಲೆ ಎಷ್ಟು ಬಲಿತಿದೆ ಎಂದು ತಿಳಿಯಲು ದಮ್ಮು ಕಟ್ಟಿ ಊದಲೇಬೇಕೆ? ಸುಮ್ಮನೆ ಉಸಿರಾಡಿದರೂ ಲೆಕ್ಕ ಕೊಡುವ ಪರೀಕ್ಷೆ ಈಗ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಜನರಿಗೆ ಅದು ಯಾಕೆ ಬೇಕು, ಕರಾವಳಿಯ ನಮಗೆ ಅದರಲ್ಲಿ ಏನಿದೆ?

ಮಂಗಳೂರು, ಸುರತ್ಕಲ್, ಉಳ್ಳಾಲ, ಉಡುಪಿ ಕಡೆ ಎಲ್ಲೇ ಹೊಸ ಕಟ್ಟಡ ಏಳುತ್ತಿರಲಿ, ರಸ್ತೆ ಅಗೆಯುತ್ತಿರಲಿ, ಅಲ್ಲಿ ಬಿಜಾಪುರ ಕಡೆಯ ಮಾತು ಕೇಳಿಸುತ್ತದೆ. ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ವಿಜಯಪುರ ಎಂದಾಗಿದ್ದರೂ ನಮ್ಮ ಬಾಯಲ್ಲಿ ಅವರು ಇನ್ನೂ 'ಬಿಜಾಪುರದವರು'. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿಂದ ಮಳೆ ಕೈಕೊಟ್ಟ ವರ್ಷ ಕುಟುಂಬ ಸಮೇತ ಗುಳೆ ಬರುವವರು ಇವರು. ನಮ್ಮ ಮನೆಗಳ ಪಂಚಾಂಗಕ್ಕೆ ಕಲ್ಲು ಹೊತ್ತವರು, ಸಿಮೆಂಟು ಕಲಸಿದವರು, ಟೈಲ್ಸ್ ಕೊಯ್ಯುವಾಗ ಎದ್ದ ಬಿಳಿ ಧೂಳನ್ನು ನುಂಗಿದವರು ಇವರೇ. ಒಂದಷ್ಟು ವರ್ಷ ದುಡಿದು ಊರಿಗೆ ಮರಳುವಾಗ ಕೆಲವರು ಕೂಲಿಯ ಜೊತೆಗೆ ಕೆಮ್ಮನ್ನೂ ಕಟ್ಟಿಕೊಂಡು ಹೋಗುತ್ತಾರೆ.

ಆ ಕೆಮ್ಮಿಗೆ ಊರಲ್ಲಿ ಹೆಸರು 'ದಮ್ಮು'. 'ನಾಕ ಹೆಜ್ಜಿ ನಡದ್ರ ದಮ್ಮ ಹತ್ತತೈತ್ರಿ' ಎಂಬ ಮಾತು ಅಲ್ಲಿನ ಯಾವ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲೂ ಕೇಳುವಂಥದ್ದು. ನಮ್ಮ ಕಡೆ ಇದನ್ನೇ 'ಉಬ್ಬಸ' ಎನ್ನುತ್ತೇವೆ, 'ಉಸಿರು ಕಟ್ಟುವುದು ಮಾರಾಯ್ರೆ' ಎನ್ನುತ್ತೇವೆ. ವೈದ್ಯರು ಬರೆಯುವ ಹೆಸರು ಸಿಒಪಿಡಿ. ಶ್ವಾಸನಾಳಗಳು ಕಿರಿದಾಗಿ, ಶ್ವಾಸಕೋಶದ ಗಾಳಿಚೀಲಗಳು ಹಾಳಾಗಿ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಗೆ ಬಾರದ ಸ್ಥಿತಿ ಅದು. ಒಮ್ಮೆ ಹಾಳಾದ ಭಾಗ ಮತ್ತೆ ಸರಿಹೋಗುವುದಿಲ್ಲ. ಬೇಗ ಗೊತ್ತಾದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು, ಅಷ್ಟೇ. ಆದ್ದರಿಂದ ಪರೀಕ್ಷೆ ಎಂಬುದು ಇಲ್ಲಿ ಬರೀ ಕಾಗದದ ಮಾತಲ್ಲ.

ಲೆಕ್ಕ ಸಣ್ಣದಲ್ಲ

ದೇಶದ ರಾಜ್ಯವಾರು ರೋಗಭಾರದ ಅಧ್ಯಯನವೊಂದು 2018ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ 1990ರಲ್ಲಿ ಭಾರತದಲ್ಲಿ ಸುಮಾರು 2.8 ಕೋಟಿ ಇದ್ದ ಸಿಒಪಿಡಿ ರೋಗಿಗಳು 2016ಕ್ಕೆ ಸುಮಾರು 5.5 ಕೋಟಿ ಆಗಿದ್ದರು. ಜಗತ್ತಿನ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ. 18. ಉಸಿರಾಟದ ದೀರ್ಘ ಕಾಯಿಲೆಗಳಿಂದ ಜಗತ್ತು ಕಳೆದುಕೊಳ್ಳುವ ಆರೋಗ್ಯದ ವರ್ಷಗಳಲ್ಲಿ ನಮ್ಮ ಪಾಲು ಶೇ. 32.

ಸಿಗರೇಟು, ಬೀಡಿ ಸೇದುವವರಿಗೆ ಮಾತ್ರ ಬರುವ ಕಾಯಿಲೆ ಇದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಅರ್ಧ ಸತ್ಯ. ಜೀವಮಾನದಲ್ಲಿ ಒಂದು ಬೀಡಿಯನ್ನೂ ಮುಟ್ಟದ ಹೆಂಗಸರಿಗೂ ಇದು ಬರುತ್ತದೆ. ಕಾರಣ ಅಡುಗೆಮನೆಯ ಹೊಗೆ. ವಿಜಯಪುರ ಕಡೆಯ ಹಳ್ಳಿಗಳಲ್ಲಿ ಜೋಳದ ರೊಟ್ಟಿ ಬಡಿಯುವುದು ಒಲೆಯ ಮುಂದೆ ಕೂತು. ಉರುವಲು ಎಂದರೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಸಗಣಿಯ ಕುಳ್ಳು. 2016ರ ಮೇ ತಿಂಗಳಲ್ಲಿ ಶುರುವಾದ ಉಜ್ವಲ ಯೋಜನೆಯಿಂದ ಬಹಳ ಮನೆಗಳಿಗೆ ಗ್ಯಾಸ್ ಬಂದಿದೆ, ನಿಜ. ಆದರೆ ಚಹಾ ಗ್ಯಾಸಿನಲ್ಲಿ, ರೊಟ್ಟಿ ಒಲೆಯಲ್ಲಿ ಎಂಬ ರೂಢಿ ಇನ್ನೂ ಇದೆ. ಸಿಲಿಂಡರ್ ಮುಗಿದರೆ ಮತ್ತೆ ತುಂಬಿಸಲು ದುಡ್ಡು ಬೇಕಲ್ಲ?

ಹೊಗೆ ಎಷ್ಟಾದರೆ ಅಪಾಯ ಎಂಬುದಕ್ಕೆ ಒಂದು ಲೆಕ್ಕ ಕರ್ನಾಟಕದಲ್ಲೇ ಸಿಕ್ಕಿದೆ. ಮೈಸೂರಿನ ಜೆಎಸ್‌ಎಸ್ ಮೆಡಿಕಲ್ ಕಾಲೇಜಿನ ಶ್ವಾಸಕೋಶ ತಜ್ಞ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಅಧ್ಯಯನ ಮಾಡಿ 2013ರಲ್ಲಿ ಅದನ್ನು ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಅದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿ. ಬರುವ ಸಂಖ್ಯೆ 60 ಮುಟ್ಟಿದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಗಮನಾರ್ಹವಾಗಿ ಏರುತ್ತದೆ ಎಂದು ಅವರು ಕಂಡರು. ದಿನಕ್ಕೆ 3 ಗಂಟೆ, 20 ವರ್ಷ ಎಂದರೆ 60 ಆಯಿತು. ಹದಿನೆಂಟಕ್ಕೆ ಮದುವೆಯಾಗಿ ಬಂದ ಹೆಣ್ಣುಮಗಳು ನಲವತ್ತು ತುಂಬುವ ಮೊದಲೇ ಆ ಗೆರೆ ದಾಟಿರುತ್ತಾಳೆ.

ಈ ಗುಣಾಕಾರವನ್ನು ನಮ್ಮ ಮನೆಗಳಲ್ಲೂ ಒಮ್ಮೆ ಮಾಡಿ ನೋಡಬೇಕು. ಬಚ್ಚಲಿನ ಹಂಡೆಗೆ ತೆಂಗಿನ ಮಡಲು, ಸಿಪ್ಪೆ, ಗೆರಟೆ ತುರುಕಿ ಬೆಂಕಿ ಹಾಕಿದವರು ನಮ್ಮ ಉಮ್ಮಂದಿರಲ್ಲವೇ? ಅದರ ಜೊತೆಗೆ ದಿನವಿಡೀ ಸೂಪು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ, ಹೊಗೆಸೊಪ್ಪಿನ ಹುಡಿಯ ನಡುವೆ ಮಕ್ಕಳನ್ನು ಓದಿಸಿದವರು ಎಷ್ಟು ಜನ!

ಊದುವ ಪರೀಕ್ಷೆ ಎಂಬ ಕಷ್ಟ

ಸಿಒಪಿಡಿ ಇದೆಯೇ, ಇದ್ದರೆ ಎಷ್ಟು ಎಂದು ಹೇಳುವ ಮುಖ್ಯ ಪರೀಕ್ಷೆ ಸ್ಪೈರೋಮೆಟ್ರಿ. ಜನರ ಮಾತಿನಲ್ಲಿ 'ಊದುವ ಪರೀಕ್ಷೆ'. ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್ 1846ರಲ್ಲಿ ತನ್ನ ಸ್ಪೈರೋಮೀಟರನ್ನು ಲೋಕದ ಮುಂದಿಟ್ಟ ಮೇಲೆ ಯಂತ್ರ ಎಷ್ಟೋ ಬದಲಾಗಿದೆ, ರೋಗಿ ಮಾಡಬೇಕಾದ ಕೆಲಸ ಬದಲಾಗಿಲ್ಲ. ಎದೆ ತುಂಬ ಉಸಿರು ಎಳೆಯಬೇಕು. ಒಮ್ಮೆಲೇ ಸ್ಫೋಟದಂತೆ ಊದಬೇಕು. ಅಲ್ಲಿಗೂ ಮುಗಿಯಲಿಲ್ಲ, ಒಳಗಿನದ್ದೆಲ್ಲ ಖಾಲಿಯಾಗುವವರೆಗೆ, ಸಾಮಾನ್ಯವಾಗಿ ಆರು ಸೆಕೆಂಡಿಗೂ ಹೆಚ್ಚು ಕಾಲ, ಊದುತ್ತಲೇ ಇರಬೇಕು. ಹೀಗೆ ಕಡಿಮೆಯೆಂದರೆ ಮೂರು ಸಲ.

'ಊದ್ರಿ, ಊದ್ರಿ, ಇನ್ನೂ ಊದ್ರಿ, ಬಿಡಬ್ಯಾಡ್ರಿ!' ಎಂದು ತಂತ್ರಜ್ಞರು ಪಕ್ಕದಲ್ಲಿ ನಿಂತು ಕೂಗುವುದು ಸಿಟ್ಟಿನಿಂದಲ್ಲ. ಹಾಗೆ ಹುರಿದುಂಬಿಸದಿದ್ದರೆ ಫಲಿತಾಂಶ ಸರಿ ಬರುವುದಿಲ್ಲ. ಆದರೆ ಕೂಗಿದ ಮಾತು ರೋಗಿಗೆ ಅರ್ಥವಾಗಬೇಕು. ಮಂಗಳೂರಿನ ಆಸ್ಪತ್ರೆಯಲ್ಲಿ ಕರಾವಳಿ ಕನ್ನಡ ಮಾತಾಡುವ ಹುಡುಗಿಯ ಸೂಚನೆ ಸಿಂದಗಿಯ ಹಳ್ಳಿಯಿಂದ ಬಂದ ಅಜ್ಜನಿಗೆ ಅರ್ಧ ತಿಳಿಯುತ್ತದೆ. ವಿಜಯಪುರದಲ್ಲಿ ಮನೆಯಲ್ಲಿ ದಖನಿ ಉರ್ದು ಮಾತ್ರ ಆಡುವ ಹೆಂಗಸಿಗೂ ಅದೇ ತೊಂದರೆ.

ಇನ್ನೂ ಕೆಲವು ಕಷ್ಟಗಳಿವೆ, ಯಾರೂ ಬಾಯಿಬಿಟ್ಟು ಹೇಳದಂಥವು. ಮೂರು ನಾಲ್ಕು ಹೆರಿಗೆ ಆದ ಹೆಂಗಸರಿಗೆ ಜೋರಾಗಿ ಊದಿದರೆ ಮೂತ್ರ ಜಾರುತ್ತದೆ. ಆ ಭಯಕ್ಕೆ ಅವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಹರ್ನಿಯಾ ಇದ್ದವರಿಗೆ ಹೊಟ್ಟೆ ಹಿಡಿಯುತ್ತದೆ. ಊದಿದ ಕೂಡಲೇ ಕೆಮ್ಮು ಕೆರಳಿ ಎರಡನೆಯ ಸಲಕ್ಕೆ ತಯಾರೇ ಆಗದವರು ಇದ್ದಾರೆ. ಇತ್ತೀಚೆಗೆ ಹೃದಯಾಘಾತ ಆದವರಿಗೆ, ಕಣ್ಣಿನ ಅಥವಾ ಹೊಟ್ಟೆಯ ಆಪರೇಷನ್ ಆದವರಿಗೆ ವೈದ್ಯರೇ ಈ ಪರೀಕ್ಷೆ ಈಗ ಬೇಡ ಎನ್ನುತ್ತಾರೆ. ಮರೆವಿನ ಕಾಯಿಲೆ ಇರುವ ಹಿರಿಯರು, ಸಣ್ಣ ಮಕ್ಕಳು ಹೇಳಿದಂತೆ ಮಾಡುವುದೇ ಕಷ್ಟ. ಅಂದರೆ ಯಾರಿಗೆ ಕಾಯಿಲೆ ಜಾಸ್ತಿಯೋ, ಯಾರ ದೇಹ ಸೋತಿದೆಯೋ, ಅವರಿಗೇ ಪರೀಕ್ಷೆ ಕೈಗೆಟುಕುವುದಿಲ್ಲ.

ತಪ್ಪು ಊದಿದರೆ ತಪ್ಪು ರಿಪೋರ್ಟು

ಸರಿಯಾಗಿ ಊದದಿದ್ದರೆ ಏನಾಗುತ್ತದೆ ಎಂಬುದನ್ನು ಒಂದು ಲೆಕ್ಕದಲ್ಲಿ ನೋಡೋಣ. ಸ್ಪೈರೋಮೆಟ್ರಿಯಲ್ಲಿ ಎರಡು ಸಂಖ್ಯೆ ಮುಖ್ಯ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಂದು, ಒಟ್ಟು ಹೊರಬಂದ ಗಾಳಿ ಇನ್ನೊಂದು. ಉಸಿರುನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ 0.70ಕ್ಕಿಂತ ಕಡಿಮೆ ಬಂದರೆ ಶ್ವಾಸನಾಳದಲ್ಲಿ ತಡೆ ಇದೆ ಎಂದರ್ಥ.

ಒಬ್ಬರಿಗೆ ಒಟ್ಟು ಗಾಳಿ 3 ಲೀಟರ್, ಮೊದಲ ಸೆಕೆಂಡಿನಲ್ಲಿ 1.8 ಲೀಟರ್ ಎಂದಿಟ್ಟುಕೊಳ್ಳಿ. ಭಾಗಿಸಿದರೆ 0.60. ಕಾಯಿಲೆ ಇದೆ. ಅದೇ ವ್ಯಕ್ತಿ ಸುಸ್ತಾಗಿ ಮೂರನೇ ಸೆಕೆಂಡಿಗೇ ಊದುವುದನ್ನು ನಿಲ್ಲಿಸಿದರೆ ಯಂತ್ರ ಒಟ್ಟು ಗಾಳಿ 2.4 ಲೀಟರ್ ಎಂದು ಬರೆದುಕೊಳ್ಳಬಹುದು. ಈಗ ಭಾಗಿಸಿದರೆ 0.75. ಕಾಗದದ ಮೇಲೆ ತಡೆಯೇ ಇಲ್ಲ! ಇನ್ನೊಬ್ಬರು ಹೆದರಿ ಮೆಲ್ಲಗೆ ಊದಲು ಶುರು ಮಾಡಿದರೆ ಮೊದಲ ಸೆಕೆಂಡಿನ ಗಾಳಿ ಕಡಿಮೆಯಾಗಿ, ಇರುವುದಕ್ಕಿಂತ ಕಾಯಿಲೆ ಹೆಚ್ಚು ಬಲಿತಂತೆ ಕಾಣುತ್ತದೆ. ಒಂದೇ ತಪ್ಪು ಎರಡೂ ಕಡೆಗೆ ದಾರಿ ತಪ್ಪಿಸುತ್ತದೆ. ಒಳ್ಳೆಯ ಪ್ರಯೋಗಾಲಯದಲ್ಲಿ ಇಂಥ ಪ್ರಯತ್ನಗಳನ್ನು ಗುರುತಿಸಿ ಕೈಬಿಡುತ್ತಾರೆ. ಆಗ ರೋಗಿಗೆ ಸಿಗುವುದು 'ಸಹಕರಿಸಲಿಲ್ಲ' ಎಂಬ ಷರಾ ಮಾತ್ರ.

ಕಾಯಿಲೆಯ ದರ್ಜೆ ನಿಲ್ಲುವುದೂ ಇದೇ ಸಂಖ್ಯೆಯ ಮೇಲೆ. ಆ ವಯಸ್ಸು, ಎತ್ತರದವರಿಗೆ ಇರಬೇಕಾದಷ್ಟರಲ್ಲಿ ಮೊದಲ ಸೆಕೆಂಡಿನ ಗಾಳಿ ಶೇ. 80 ಅಥವಾ ಹೆಚ್ಚಿದ್ದರೆ ಸೌಮ್ಯ, 50ರಿಂದ 79 ಮಧ್ಯಮ, 30ರಿಂದ 49 ತೀವ್ರ, 30ಕ್ಕಿಂತ ಕೆಳಗೆ ಅತಿ ತೀವ್ರ. ಇದು 'ಗೋಲ್ಡ್' ಎಂಬ ಅಂತಾರಾಷ್ಟ್ರೀಯ ಮಾರ್ಗಸೂಚಿಯ ದರ್ಜೆ.

ಸುಮ್ಮನೆ ಉಸಿರಾಡಿ, ಸಾಕು

ಇಲ್ಲಿಗೆ ಬರುತ್ತದೆ ಆಸಿಲೋಮೆಟ್ರಿ. ಅಂಗಡಿಯಲ್ಲಿ ಬಚ್ಚಂಗಾಯಿ ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಕೊಯ್ದು ನೋಡುವುದಿಲ್ಲ, ಬೆರಳಿನಿಂದ ತಟ್ಟಿ ಕಿವಿಗೊಡುತ್ತೇವೆ. ದಫ್ ಬಾರಿಸುವವರು ಚರ್ಮ ಸಡಿಲಾಗಿದೆಯೋ ಬಿಗಿಯಾಗಿದೆಯೋ ಎಂದು ಒಂದು ಪೆಟ್ಟಿನಲ್ಲೇ ಹೇಳುತ್ತಾರೆ. ಆಸಿಲೋಮೆಟ್ರಿ ಶ್ವಾಸಕೋಶವನ್ನು ಹೆಚ್ಚುಕಡಿಮೆ ಹಾಗೆಯೇ ತಟ್ಟಿ ನೋಡುತ್ತದೆ. ತಟ್ಟುವುದು ಬೆರಳಿನಿಂದಲ್ಲ, ಗಾಳಿಯ ಸಣ್ಣ ಅಲೆಗಳಿಂದ.

ರೋಗಿ ಬಾಯಲ್ಲಿ ಕೊಳವೆ ಇಟ್ಟುಕೊಂಡು ಎಂದಿನಂತೆ ಉಸಿರಾಡುತ್ತಿರುತ್ತಾನೆ. ಯಂತ್ರದೊಳಗಿನ ಸ್ಪೀಕರಿನಂಥ ಭಾಗವೊಂದು ಆ ಉಸಿರಿನ ಮೇಲೆ ಬಹಳ ಮೆತ್ತಗಿನ ಒತ್ತಡದ ಅಲೆಗಳನ್ನು ಕಳಿಸುತ್ತದೆ. ಅಲೆ ಒಳಗೆ ಹೋಗುವಾಗ ಎಷ್ಟು ತಡೆ ಸಿಕ್ಕಿತು, ಶ್ವಾಸಕೋಶ ಎಷ್ಟು ಹಿಗ್ಗಿ ಮರಳಿ ತಳ್ಳಿತು ಎಂಬುದನ್ನು ಯಂತ್ರ ಅಳೆಯುತ್ತದೆ. ಸೆಕೆಂಡಿಗೆ 5 ಸಲದ ನಿಧಾನದ ಅಲೆಗಳು ಶ್ವಾಸಕೋಶದ ಆಳದ ಸಣ್ಣ ನಾಳಗಳವರೆಗೂ ಹೋಗುತ್ತವೆ. 20 ಸಲದ ವೇಗದ ಅಲೆಗಳು ದೊಡ್ಡ ನಾಳಗಳಲ್ಲೇ ಹೆಚ್ಚಾಗಿ ಉಳಿಯುತ್ತವೆ. ಎರಡರ ವ್ಯತ್ಯಾಸ ನೋಡಿದರೆ ಸಣ್ಣ ನಾಳಗಳ ಸ್ಥಿತಿಯ ಸುಳಿವು ಸಿಗುತ್ತದೆ. ಹೊಗೆ, ಧೂಳಿನ ಹಾನಿ ಮೊದಲು ಶುರುವಾಗುವುದು ಬಹುಮಟ್ಟಿಗೆ ಈ ಸಣ್ಣ ನಾಳಗಳಲ್ಲೇ. ಸ್ಪೈರೋಮೆಟ್ರಿಯಲ್ಲಿ ಅದು ಕಾಣಿಸಿಕೊಳ್ಳುವುದು ಎಷ್ಟೋ ಸಲ ತಡವಾಗಿ.

ಇದೇನು ನಿನ್ನೆ ಮೊನ್ನೆಯ ಆವಿಷ್ಕಾರವಲ್ಲ. ಅಮೆರಿಕದ ಆರ್ಥರ್ ಡುಬಾಯ್ಸ್ ಮತ್ತು ಸಂಗಡಿಗರು ಈ ವಿಧಾನವನ್ನು ಮೊದಲು ವಿವರಿಸಿದ್ದು 1956ರಲ್ಲಿ. ಆದರೆ ಅಲೆಗಳ ಲೆಕ್ಕ ಹಾಕುವುದು ಕೈಯಿಂದ ಆಗುವ ಕೆಲಸವಲ್ಲ. 1970ರ ದಶಕದಲ್ಲಿ ಕಂಪ್ಯೂಟರ್ ಸಹಾಯಕ್ಕೆ ಬಂದ ಮೇಲೆ ಹಲವು ವೇಗದ ಅಲೆಗಳನ್ನು ಒಟ್ಟಿಗೇ ಕಳಿಸಿ ಅಳೆಯುವುದು ಸಾಧ್ಯವಾಯಿತು. ಈಗ ಮೇಜಿನ ಮೇಲೆ ಕೂರುವ, ಚೀಲದಲ್ಲಿ ಒಯ್ಯುವಷ್ಟು ಸಣ್ಣ ಯಂತ್ರಗಳೂ ಬಂದಿವೆ. ಪರೀಕ್ಷೆ ಹೇಗೆ ಮಾಡಬೇಕು ಎಂಬುದಕ್ಕೆ ಯುರೋಪಿಯನ್ ರೆಸ್ಪಿರೇಟರಿ ಸೊಸೈಟಿ 2020ರಲ್ಲಿ ಪರಿಷ್ಕೃತ ನಿಯಮಗಳನ್ನು ಹೊರಡಿಸಿತು. ಕೊರೊನಾ ಕಾಲದಲ್ಲಿ ಜೋರಾಗಿ ಊದಿಸುವುದಕ್ಕೇ ಹೆದರಿ ಎಷ್ಟೋ ಕಡೆ ಸ್ಪೈರೋಮೆಟ್ರಿ ನಿಂತಾಗ ಈ ಪರೀಕ್ಷೆಯ ಕಡೆ ವೈದ್ಯರ ಗಮನ ಇನ್ನಷ್ಟು ಹೋಯಿತು.

ಮಾಡುವ ವಿಧಾನ ಹೀಗೆ: ಬೆನ್ನು, ಕುತ್ತಿಗೆ ನೇರ ಮಾಡಿ ಕೂರಬೇಕು. ಮೂಗಿಗೆ ಕ್ಲಿಪ್ ಹಾಕುತ್ತಾರೆ. ತುಟಿಯನ್ನು ಕೊಳವೆಯ ಸುತ್ತ ಬಿಗಿಯಾಗಿ ಮುಚ್ಚಬೇಕು, ನಾಲಗೆ ಅಡ್ಡ ಬರಬಾರದು. ಎರಡೂ ಅಂಗೈಗಳಿಂದ ಕೆನ್ನೆಗಳನ್ನು ಒತ್ತಿ ಹಿಡಿಯಬೇಕು. ಕೆನ್ನೆ ಪಟಪಟ ಅಲುಗಿದರೆ ಅಲೆ ಅಲ್ಲೇ ಪೋಲಾಗುತ್ತದೆ. ಆಮೇಲೆ ಮನೆಯ ಜಗಲಿಯಲ್ಲಿ ಕೂತಂತೆ ಆರಾಮವಾಗಿ ಉಸಿರಾಡುವುದು. ದೊಡ್ಡವರಿಗೆ ಒಂದು ಸಲಕ್ಕೆ ಸುಮಾರು 30 ಸೆಕೆಂಡು. ಮೂರು ಸಲ ಸರಿಯಾಗಿ ಬಂದು, ಒಂದಕ್ಕೊಂದು ಹೊಂದಿಕೆಯಾದರೆ ಮುಗಿಯಿತು. ಬಾಯೊಳಗೆ ಸಣ್ಣ ನಡುಕ ಅನ್ನಿಸುತ್ತದೆ, ನೋವಿಲ್ಲ. ಮೂರು ವರ್ಷದ ಆಸುಪಾಸಿನ ಮಕ್ಕಳಿಗೂ ಮಾಡಿಸಬಹುದು. ಎರಡೂ ಪರೀಕ್ಷೆ ಇದ್ದರೆ ಮೊದಲು ಇದನ್ನು ಮಾಡಿ, ಆಮೇಲೆ ಊದಿಸುತ್ತಾರೆ. ಯಾಕೆಂದರೆ ದೀರ್ಘ ಉಸಿರು ಎಳೆದು ಊದಿದ ಮೇಲೆ ನಾಳಗಳ ಸ್ಥಿತಿಯೇ ತುಸು ಬದಲಾಗುತ್ತದೆ.

ಎಷ್ಟು ಬಲಿತಿದೆ ಎಂದು ಹೇಳಬಲ್ಲುದೇ?

ಹೇಳಬಲ್ಲುದು, ಒಂದು ಮಿತಿಯೊಳಗೆ. ಕಾಯಿಲೆ ಬಲಿತ ಹಾಗೆ ಅಲೆಗೆ ಸಿಗುವ ತಡೆ ಏರುತ್ತದೆ, ಶ್ವಾಸಕೋಶದ ಹಿಗ್ಗುವ ಗುಣದ ಅಂಕಿ ಸೊನ್ನೆಯಿಂದ ಕೆಳಗೆ, ಇನ್ನೂ ಕೆಳಗೆ ಇಳಿಯುತ್ತದೆ. ಇಟಲಿಯ ಮಿಲಾನ್ ನಗರದ ರಾಫೇಲೆ ಡೆಲ್ಲಕಾ ಮತ್ತು ಸಂಗಡಿಗರು 2004ರಲ್ಲಿ ಒಂದು ಮುಖ್ಯ ಸಂಗತಿ ತೋರಿಸಿದರು. ಉಸಿರು ಒಳಗೆಳೆಯುವಾಗಿನ ಅಂಕಿಗೂ ಹೊರಗೆ ಬಿಡುವಾಗಿನ ಅಂಕಿಗೂ ದೊಡ್ಡ ಅಂತರ ಬಂದರೆ, ಆ ರೋಗಿಯ ನಾಳಗಳು ಉಸಿರು ಬಿಡುವಾಗಲೇ ಕುಸಿಯುತ್ತಿವೆ ಎಂದರ್ಥ. ಗಾಳಿ ಒಳಗೇ ಸಿಕ್ಕಿಬೀಳುತ್ತದೆ. 'ಉಸಿರ ತಗೊಳ್ಳಾಕ ಬರತೈತಿ, ಬಿಡಾಕ ಆಗವಲ್ದು' ಎಂದು ರೋಗಿ ಹೇಳುವುದು ಇದನ್ನೇ. ರೋಗಿಯ ಮಾತಿಗೆ ಯಂತ್ರದ ಸಾಕ್ಷಿ ಸಿಕ್ಕಂತಾಯಿತು.

ಮಿತಿಯ ಮಾತನ್ನೂ ಹೇಳಬೇಕು. 'ಎಕ್ಲಿಪ್ಸ್' ಎಂಬ ದೊಡ್ಡ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಸುಮಾರು 2,000 ಸಿಒಪಿಡಿ ರೋಗಿಗಳಿಗೆ ಈ ಪರೀಕ್ಷೆ ಮಾಡಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸರಾಸರಿ ಅಂಕಿಗಳು ಕಾಯಿಲೆಯ ದರ್ಜೆಯ ಜೊತೆ ಏರಿದ್ದವು. ಆದರೆ ಗಣನೀಯ ಸಂಖ್ಯೆಯ ರೋಗಿಗಳ ಅಂಕಿಗಳು ಆರೋಗ್ಯವಂತರ ಮಟ್ಟದೊಳಗೇ ಇದ್ದವು. ಆದ್ದರಿಂದ ಗೋಲ್ಡ್ ಮಾರ್ಗಸೂಚಿಯಲ್ಲಿ ಸಿಒಪಿಡಿ ಎಂದು ತೀರ್ಮಾನಿಸಲು ಸ್ಪೈರೋಮೆಟ್ರಿ ಇಂದಿಗೂ ಬೇಕೇ ಬೇಕು. ಆಸಿಲೋಮೆಟ್ರಿ ಅದರ ಜಾಗ ಕಿತ್ತುಕೊಳ್ಳುವ ಪರೀಕ್ಷೆ ಅಲ್ಲ, ಅದಕ್ಕೆ ಜೊತೆ ಕೊಡುವ ಪರೀಕ್ಷೆ. ಊದಲು ಆಗದವರಿಗೆ, ಊದಿದ್ದು ನಂಬಿಕೆಗೆ ಬಾರದಾಗ, ಸ್ಪೈರೋಮೆಟ್ರಿ ಸರಿ ಇದ್ದರೂ ದಮ್ಮು ಬಿಡದಾಗ, ಔಷಧದಿಂದ ನಾಳ ಹಿಗ್ಗಿತೇ ಎಂದು ನೋಡುವಾಗ ಇದರ ಬೆಲೆ ಗೊತ್ತಾಗುತ್ತದೆ. ಕಲ್ಲುಪುಡಿಯಿಂದ ಬರುವ ಸಿಲಿಕೋಸಿಸ್‌ನಂಥ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಗಳನ್ನು ಇದೊಂದರಿಂದಲೇ ಗುರುತಿಸಲಾಗದು. ಅಲ್ಲಿ ಎಕ್ಸ್‌ರೇ, ಸಿಟಿ ಸ್ಕ್ಯಾನ್, ಮಾಡಿದ ಕೆಲಸದ ಚರಿತ್ರೆ ಎಲ್ಲ ಬೇಕು.

ಶಕ್ತಿ ಹಾಕದೆ ತಿಳಿಯುವ ಇತರ ದಾರಿಗಳೂ ಇವೆ. ಕೊರೊನಾ ಬಂದ ಮೇಲೆ ಮನೆಮನೆಗೂ ಪರಿಚಯವಾದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಂದು. ಆದರೆ ಕೂತಾಗ 96 ತೋರಿಸಿದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದಲ್ಲ. ಸಿಒಪಿಡಿ ಸಾಕಷ್ಟು ಬಲಿಯುವವರೆಗೂ ಅದು ಸರಿಯಾಗೇ ತೋರಿಸಬಹುದು. ಯಂತ್ರವೇ ಬೇಡದ ಅಳತೆಯೂ ಒಂದಿದೆ, ಅದು ಪ್ರಶ್ನೆಗಳದ್ದು. ಏರು ಹತ್ತುವಾಗ ಮಾತ್ರ ಏದುಸಿರೇ? ಸಮತಟ್ಟಿನಲ್ಲಿ ಓರಗೆಯವರ ಜೊತೆ ನಡೆಯಲು ಆಗದೇ? ಸುಮಾರು ನೂರು ಮೀಟರ್ ನಡೆದು ನಿಲ್ಲಬೇಕೇ? ಬಟ್ಟೆ ಹಾಕಿಕೊಳ್ಳುವಾಗಲೇ ದಮ್ಮೇ? ಈ ಮೆಟ್ಟಿಲುಗಳಲ್ಲಿ ರೋಗಿ ಎಲ್ಲಿದ್ದಾರೆ ಎಂಬುದಕ್ಕೆ ವೈದ್ಯರು ಅಂಕ ಕೊಡುತ್ತಾರೆ. 2023ರಿಂದ ಗೋಲ್ಡ್ ಮಾರ್ಗಸೂಚಿ ಔಷಧ ಆರಿಸಲು ಎ, ಬಿ, ಇ ಎಂಬ ಮೂರು ಗುಂಪು ಮಾಡಿದೆ. ಅದು ನಿಂತಿರುವುದು ರೋಗಿಯ ತೊಂದರೆ ಎಷ್ಟು, ವರ್ಷದಲ್ಲಿ ಎಷ್ಟು ಸಲ ಕಾಯಿಲೆ ಉಲ್ಬಣಿಸಿತು ಎಂಬುದರ ಮೇಲೆ. ಮಸೀದಿಯ ಮೆಟ್ಟಿಲಲ್ಲಿ ನಿಂತು ಸುಧಾರಿಸಿಕೊಳ್ಳುವ ಉಪ್ಪ, ಸುಜೂದ್‌ನಿಂದ ಏಳುವಾಗ ಏದುಸಿರು ಬಿಡುವ ಉಮ್ಮ 'ವಯಸ್ಸಾಯ್ತಲ್ಲ' ಎಂದರೆ ನಾವು ತಲೆಯಾಡಿಸುತ್ತೇವೆ. ವೈದ್ಯರಿಗೆ ಅದೇ ಒಂದು ರಿಪೋರ್ಟು.

ನಾಲ್ಕು ತಾಲೂಕುಗಳ ದಾರಿ

ಇಂಡಿ ಎಂದರೆ ನಿಂಬೆ, ಬಸವನ ಬಾಗೇವಾಡಿ ಎಂದರೆ ಬಸವಣ್ಣನವರು ಹುಟ್ಟಿದ ನೆಲ. ನಾಲ್ಕೂ ಊರಿನಲ್ಲಿ ತಾಲೂಕು ಆಸ್ಪತ್ರೆ ಇದೆ. ಶ್ವಾಸಕೋಶದ ತಜ್ಞರು, ಪೂರ್ಣ ಪರೀಕ್ಷೆ ಬೇಕೆಂದರೆ ವಿಜಯಪುರಕ್ಕೇ ಬರಬೇಕು. ಬಸವನ ಬಾಗೇವಾಡಿಯಿಂದ ಸುಮಾರು 40 ಕಿ.ಮೀ., ಮುದ್ದೇಬಿಹಾಳದಿಂದ ಅದರ ಎರಡರಷ್ಟು. ಜಿಲ್ಲಾ ಆಸ್ಪತ್ರೆಯ ಜೊತೆಗೆ ಅಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ. ಬಿಎಲ್‌ಡಿಇಯ ಶ್ರೀ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು ಒಂದು, 1984ರಲ್ಲಿ ಶುರುವಾದ ಅಲ್-ಅಮೀನ್ ಮೆಡಿಕಲ್ ಕಾಲೇಜು ಇನ್ನೊಂದು. ಅಲ್-ಅಮೀನ್ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಡಾ. ಮುಮ್ತಾಜ್ ಅಹ್ಮದ್ ಖಾನ್ 1966ರಲ್ಲಿ ಬೆಂಗಳೂರಿನಲ್ಲಿ ಹಚ್ಚಿದ ವಿದ್ಯೆಯ ದೀಪದ ಒಂದು ಕುಡಿ ಅದು.

ಕೂಲಿಯವನಿಗೆ ಒಂದು ದಿನದ ಆಸ್ಪತ್ರೆ ಎಂದರೆ ಆ ದಿನದ ಕೂಲಿ, ಬಸ್ಸಿನ ಖರ್ಚು, ಜೊತೆಗೆ ಬಂದವರ ಕೂಲಿ. ಅಷ್ಟು ಖರ್ಚು ಮಾಡಿ ಬಂದವನು 'ಸರಿಯಾಗಿ ಊದಲಿಲ್ಲ, ಇನ್ನೊಮ್ಮೆ ಬನ್ನಿ' ಎಂದರೆ ಮತ್ತೆ ಬರುತ್ತಾನೆಯೇ? ಹಳ್ಳಿಯಲ್ಲಿ ಇಂಜೆಕ್ಷನ್, ಕೆಮ್ಮಿನ ಸಿರಪ್ಪು, ಮೆಡಿಕಲ್ ಶಾಪಿನ ಸ್ಟಿರಾಯ್ಡ್ ಮಾತ್ರೆ. ಎರಡು ದಿನ ಆರಾಮ, ಮೂರನೇ ದಿನ ಮತ್ತೆ ದಮ್ಮು. ಇನ್ನು ಕೆಲವರಿಗೆ ಹಿಂದೆ ಟಿಬಿ ಆಗಿ ವಾಸಿಯಾಗಿರುತ್ತದೆ, ಆದರೆ ಅದು ಬಿಟ್ಟುಹೋದ ಗಾಯದಿಂದ ಉಸಿರಿನ ತಡೆ ಉಳಿದಿರುತ್ತದೆ. ದಮ್ಮು ಬಂದಾಗಲೆಲ್ಲ ಟಿಬಿಯೇ ಮರಳಿತೆಂದು ಹೆದರುತ್ತಾರೆ. ಕಫದ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಅದು ಮೊದಲು ಆಗಲೇಬೇಕು. ಅದರಲ್ಲಿ ಟಿಬಿ ಇಲ್ಲ ಎಂದು ಬಂದರೆ ಅಲ್ಲಿಗೆ ಬಿಡದೆ ಉಸಿರಿನ ಪರೀಕ್ಷೆಗೂ ಕೇಳಬೇಕು.

ಕೇಂದ್ರ ಸರ್ಕಾರದ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಈಗ ಸಿಒಪಿಡಿ, ಅಸ್ತಮಾ ಕೂಡ ಸೇರಿವೆ. ಬಿಪಿ, ಶುಗರ್ ನೋಡುವಂತೆ ಉಸಿರನ್ನೂ ಹಳ್ಳಿಯಲ್ಲೇ ನೋಡುವ ದಿನ ಬರಬೇಕಾದರೆ ಎರಡು ಅಡ್ಡಿ. ಆಸಿಲೋಮೆಟ್ರಿ ಯಂತ್ರ ಸಾಮಾನ್ಯ ಸ್ಪೈರೋಮೀಟರಿಗಿಂತ ಹಲವು ಪಟ್ಟು ದುಬಾರಿ. ಅಂಕಿಗಳನ್ನು ಓದಿ ಅರ್ಥ ಹೇಳುವುದಕ್ಕೂ ತರಬೇತಿ ಬೇಕು. ಆದರೆ ರೋಗಿಯನ್ನು ಹುರಿದುಂಬಿಸುವ ನುರಿತ ತಂತ್ರಜ್ಞರ ಅವಲಂಬನೆ ಇದರಲ್ಲಿ ಕಡಿಮೆ. ನಾಲ್ಕು ತಾಲೂಕುಗಳ ನಡುವೆ ವಾರಕ್ಕೊಂದು ಊರಿನಂತೆ ಒಂದೇ ಯಂತ್ರವನ್ನು ಒಯ್ದರೂ, ಮುದ್ದೇಬಿಹಾಳದ ಅಜ್ಜಿಗೆ ವಿಜಯಪುರದ ಬಸ್ಸು ತಪ್ಪುತ್ತದೆ. ಗುಳೆ ಹೋದವರನ್ನು ಹಬ್ಬಕ್ಕೋ ರಾಶಿಗೋ ಊರಿಗೆ ಬಂದಾಗ ಹಿಡಿಯಬಹುದು. ಕರಾವಳಿಯಲ್ಲಿ ಅವರಿಂದ ಕೆಲಸ ಮಾಡಿಸುವ ಗುತ್ತಿಗೆದಾರರು, ಮನೆ ಕಟ್ಟಿಸುವ ನಾವು ಒಂದು ದಿನದ ಕೂಲಿ ಸಹಿತ ರಜೆ ಕೊಟ್ಟು ವೆನ್ಲಾಕ್‌ನಂಥ ಸರ್ಕಾರಿ ಆಸ್ಪತ್ರೆಗೆ ಕಳಿಸಿದರೆ ಅದೂ ದೊಡ್ಡ ಉಪಕಾರ. ಆರೋಗ್ಯ ಶಿಬಿರ ನಡೆಸುವ ನಮ್ಮ ಜಮಾಅತ್‌ಗಳು, ಯುವಕರ ಸಂಘಟನೆಗಳು ರಕ್ತದಾನ, ಕಣ್ಣಿನ ತಪಾಸಣೆಯ ಜೊತೆ ಉಸಿರಿನ ಪರೀಕ್ಷೆಯನ್ನೂ ಸೇರಿಸಬಾರದೇಕೆ?

ಪರೀಕ್ಷೆಗೆ ಹೋಗುವ ಮುನ್ನ

● ಮೂರು ವಾರ ದಾಟಿದ ಕೆಮ್ಮು, ವರ್ಷ ವರ್ಷ ಮರಳುವ ಕಫ, ನಡೆಯುವಾಗ ಏದುಸಿರು ಇದ್ದರೆ ಶ್ವಾಸಕೋಶ ತಜ್ಞರನ್ನು ಕಾಣಿ. ಬೀಡಿ ಸೇದದ ಹೆಂಗಸರೂ ಕಾಣಿ.

● ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, 'ಸ್ಪೈರೋಮೆಟ್ರಿ ಇದೆಯೇ, ಆಸಿಲೋಮೆಟ್ರಿ ಅಥವಾ ಐಒಎಸ್ ಇದೆಯೇ?' ಎಂದು ಕೇಳಿ. ಬೆಂಗಳೂರಿಗೆ ಹೋಗುವವರಿಗೆ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ.

● ಯಾವ ಇನ್ಹೇಲರ್, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಹೇಳಿ. ಪರೀಕ್ಷೆಯ ದಿನ ಯಾವುದನ್ನು ನಿಲ್ಲಿಸಬೇಕು, ಯಾವುದು ಬೇಡ ಎಂಬುದನ್ನು ವೈದ್ಯರೇ ಹೇಳಬೇಕು. ನೀವಾಗಿ ನಿಲ್ಲಿಸಬೇಡಿ.

● ಒಲೆಯ ಮುಂದೆ ಎಷ್ಟು ವರ್ಷ, ಕಲ್ಲು-ಸಿಮೆಂಟಿನ ಕೆಲಸ ಎಷ್ಟು ವರ್ಷ, ಬೀಡಿ ದಿನಕ್ಕೆ ಎಷ್ಟು, ಹಿಂದೆ ಟಿಬಿ ಆಗಿತ್ತೇ ಎಂದು ಚೀಟಿಯಲ್ಲಿ ಬರೆದು ಒಯ್ಯಿರಿ.

● ಹೆಂಗಸರು ಮಹಿಳಾ ತಂತ್ರಜ್ಞರನ್ನು ಕೇಳಬಹುದು. ಮೂತ್ರ ಜಾರುವ ತೊಂದರೆ ಇದ್ದರೆ ನಾಚದೆ ಹೇಳಿ, ಪರೀಕ್ಷೆಗೆ ಮುಂಚೆ ಶೌಚಾಲಯಕ್ಕೆ ಹೋಗಿ ಬನ್ನಿ.

● ರಮಝಾನಿನಲ್ಲಿ ಉಪವಾಸದ ಹೆಸರಿನಲ್ಲಿ ಇನ್ಹೇಲರ್ ಬಿಟ್ಟು ಆಸ್ಪತ್ರೆ ಸೇರುವುದು ಬೇಡ. ಅದರಿಂದ ಉಪವಾಸ ಮುರಿಯುತ್ತದೆಯೇ ಎಂಬ ಬಗ್ಗೆ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯವಿದೆ, ಕಾಯಿಲೆಯವರಿಗೆ ರಿಯಾಯಿತಿಯೂ ಇದೆ. ತಿಂಗಳು ಶುರುವಾಗುವ ಮೊದಲೇ ವೈದ್ಯರನ್ನೂ ಉಸ್ತಾದರನ್ನೂ ಕೇಳಿ ಇಟ್ಟುಕೊಳ್ಳಿ.

● ಕಾಯಿಲೆ ಇದೆ ಎಂದಾದರೆ ಬೀಡಿ-ಸಿಗರೇಟು ಬಿಡುವುದು, ಹೊಗೆ-ಧೂಳಿನಿಂದ ದೂರ ಇರುವುದು ಮೊದಲ ಮದ್ದು. ಇನ್ಹೇಲರ್ ಸರಿಯಾಗಿ ಹಿಡಿಯಲು ಕಲಿಯಿರಿ. 'ಅದು ಚಟವಾಗುತ್ತದೆ' ಎಂಬುದು ಸುಳ್ಳು. ಫ್ಲೂ, ನ್ಯುಮೋನಿಯಾ ಲಸಿಕೆ, ಉಸಿರಾಟದ ವ್ಯಾಯಾಮದ ಬಗ್ಗೆ ವೈದ್ಯರಲ್ಲಿ ಕೇಳಿ.

ಬಿಪಿ ನೋಡಿಸಲು ಯಾರೂ ಹೆದರುವುದಿಲ್ಲ, ತೋಳು ಚಾಚಿ ಸುಮ್ಮನೆ ಕೂತರೆ ಸಾಕು. ಉಸಿರಿನ ಪರೀಕ್ಷೆಯೂ ಅಷ್ಟೇ ಸಲೀಸಾದರೆ ಇಂಡಿಯ ಹೊಲದವರೂ ಬರುತ್ತಾರೆ, ನಮ್ಮ ಬೀಡಿ ಕಟ್ಟುವ ಉಮ್ಮಂದಿರೂ ಬರುತ್ತಾರೆ. 'ಸಹಕರಿಸಲಿಲ್ಲ' ಎಂದು ರೋಗಿಯ ಚೀಟಿಯ ಮೇಲೆ ಬರೆಯುವ ಬದಲು, ರೋಗಿಗೆ ಸಹಕರಿಸುವ ಪರೀಕ್ಷೆಯನ್ನು ತಾಲೂಕಿಗೆ ತರುವುದು ಈಗ ಆಗಬೇಕಾದ ಕೆಲಸ.